ಬಾಯಿ ಮುಚ್ಚಿಕೊಂಡು ಸಾಕಿದ ಬಿ.ಪಿ.

ಬಾಯಿ ಇಲ್ಲದವರು ಈ ಕೆಲಸಕ್ಕೆ ಬರಬಾರದು ಎಂದು ನನಗೆ ಕಂಡಕ್ಟರ್ ತರಬೇತಿ ಕೊಟ್ಟ ಹಿರಿಯರು ಮೊದಲ ದಿನವೇ ಹೇಳಿದ್ದರು. ಒಳಗೆ ನಡೀರಿ, ಚಿಲ್ಲರೆ ಕೊಡಿ, ಬಾಗಿಲಲ್ಲಿ ನಿಲ್ಲಬೇಡಿ ಎಂದು ಬೆಳಗಿನಿಂದ ಸಂಜೆಯವರೆಗೆ ಕೂಗುತ್ತಲೇ ಇರಬೇಕು. ನಾನು ಆ ಕೆಲಸವನ್ನು ವರ್ಷಗಟ್ಟಲೆ ಬಾಯಿ ಮುಚ್ಚಿಕೊಂಡೇ ಮಾಡಿದೆ. ಮಧುಗಿರಿಯಿಂದ ಪಾವಗಡಕ್ಕೆ, ಕೊರಟಗೆರೆಯ ಮೇಲೆ ತುಮಕೂರಿಗೆ, ಕೆಲವು ವಾರ ಸಿರಾಕ್ಕೆ ಹೋಗುವ ಸರ್ಕಾರಿ ಬಸ್ಸುಗಳಲ್ಲಿ ಕೈ ಬೀಸಿ, ಹುಬ್ಬು ಏರಿಸಿ, ಸೀಟಿ ಊದಿ ಕಾಲ ತಳ್ಳಿದೆ. ಜನ ನನ್ನನ್ನು ಸಿಡುಕಿ ಎಂದುಕೊಂಡರು. ಹಾಗೆಂದುಕೊಂಡರೆ ಒಳ್ಳೆಯದೇ ಆಯಿತೆಂದು ನಾನೂ ಸುಮ್ಮನಿದ್ದೆ. ನಿಜ ಏನೆಂದರೆ ನನ್ನ ಬಾಯಿ ನಾರುತ್ತಿತ್ತು.

ಬಿ.ಪಿ.ಯ ಬಗ್ಗೆ ಹೇಳಲು ಕೂತವಳು ಬಾಯಿಯ ಸುದ್ದಿ ಯಾಕೆ ತೆಗೆದಳು ಎಂದು ನಿಮಗೆ ಅನ್ನಿಸಬಹುದು. ಇವೆರಡಕ್ಕೂ ನಂಟಿದೆ ಎಂದು ನನಗೂ ಗೊತ್ತಿರಲಿಲ್ಲ. ತಿಳಿಸಲು ಬಂದವರಿಗೆ ನಾನು ಅವಕಾಶ ಕೊಡಲಿಲ್ಲ. ಅದನ್ನೇ ಹೇಳುತ್ತೇನೆ.

ಒಸಡಿನಲ್ಲಿ ರಕ್ತ ಬರುವುದನ್ನು ನಮ್ಮ ಮನೆಯಲ್ಲಿ ರೋಗವೆಂದು ಯಾರೂ ಲೆಕ್ಕಕ್ಕೆ ತೆಗೆದುಕೊಂಡವರಲ್ಲ. ನನ್ನ ತವರು ಸಿರಾ ತಾಲ್ಲೂಕಿನ ಮದಲೂರು. ಅಲ್ಲಿ ನಮ್ಮವ್ವ ಬೆಳಿಗ್ಗೆ ಬೇವಿನ ಕಡ್ಡಿ ಜಗಿದು ಉಗಿದರೆ ನೆಲ ಕೆಂಪಗಾಗುತ್ತಿತ್ತು. "ಉಷ್ಣ ಕಣಮ್ಮ, ಮಜ್ಜಿಗೆ ಕುಡುದ್ರೆ ಹೋಯ್ತದೆ" ಎನ್ನುತ್ತಿದ್ದಳು. ಅವಳ ಹಲ್ಲುಗಳು ಒಂದೊಂದೇ ಅಲ್ಲಾಡಿ ತಾವಾಗಿಯೇ ಬಿದ್ದವು. ವಯಸ್ಸಾದರೆ ಹಲ್ಲು ಬೀಳುತ್ತದೆ, ಕೂದಲು ನರೆಯುತ್ತದೆ ಎಂದು ನಾವು ಒಪ್ಪಿಕೊಂಡಿದ್ದೆವು. ನನಗೆ ಮೂವತ್ತೈದು ದಾಟುತ್ತಿದ್ದಂತೆ ಹಲ್ಲುಜ್ಜುವಾಗ ನೊರೆಯೆಲ್ಲ ಗುಲಾಬಿ ಬಣ್ಣವಾಗತೊಡಗಿತು. ಆಮೇಲೆ ಒಸಡು ಊದಿಕೊಂಡಿತು. ಆಮೇಲೆ ವಾಸನೆ ಶುರುವಾಯಿತು.

ತನ್ನ ವಾಸನೆ ತನಗೆ ತಿಳಿಯುವುದಿಲ್ಲ ಎನ್ನುತ್ತಾರೆ. ಬೇರೆಯವರ ಮುಖದಿಂದ ತಿಳಿಯುತ್ತದೆ. ಟಿಕೆಟ್ ಕೊಡಲು ಬಗ್ಗಿದರೆ ಕಿಟಕಿ ಪಕ್ಕದವರು ಗಾಜು ಸರಿಸುತ್ತಿದ್ದರು. ಕಾಲೇಜಿನ ಹುಡುಗಿಯೊಬ್ಬಳು ದುಪಟ್ಟಾ ಮೂಗಿಗೇರಿಸಿದಳು. ರಸ್ತೆಯ ಧೂಳಿಗೆ ಏರಿಸಿದ್ದಿರಬಹುದು, ನಾನು ಮಾತ್ರ ನನಗೇ ಎಂದುಕೊಂಡೆ. ಆ ದಿನದಿಂದ ಯಾರ ಕೈ ಮೂಗಿನ ಹತ್ತಿರ ಹೋದರೂ ನಾನು ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದೆ. ಬ್ಯಾಗಿನಲ್ಲಿ ಲವಂಗ, ಸೋಂಪು, ಪೆಪ್ಪರ್‌ಮೆಂಟು ಇಟ್ಟುಕೊಂಡೆ. ವಾಸನೆ ಅವುಗಳನ್ನೂ ತಿಂದುಹಾಕಿ ಮೇಲೆ ಬರುತ್ತಿತ್ತು.

ನನ್ನ ಗಂಡ ಮಧುಗಿರಿಯಲ್ಲೇ ಹಿಟ್ಟಿನ ಗಿರಣಿ ನಡೆಸುತ್ತಾರೆ. ಒಳ್ಳೆಯ ಮನುಷ್ಯ, ಮಾತು ಕಡಿಮೆ. ಒಂದು ಬೇಸಿಗೆಯಲ್ಲಿ ಕೋಣೆಯ ಫ್ಯಾನಿನ ಗಾಳಿ ಸಾಲುವುದಿಲ್ಲ ಎಂದು ಚಾಪೆ ಎತ್ತಿಕೊಂಡು ಹಜಾರಕ್ಕೆ ಹೋದರು. ಮಳೆಗಾಲ ಬಂತು, ಚಳಿಗಾಲ ಬಂತು, ಚಾಪೆ ಒಳಗೆ ಬರಲಿಲ್ಲ. ನಾನೂ ಕೇಳಲಿಲ್ಲ. ಕೇಳಿದರೆ ಅವರು ಹೇಳಿಬಿಟ್ಟಾರು ಎಂಬ ಭಯ.

ಮಗಳು ಸಿಂಧು ಬಾಣಂತನಕ್ಕೆ ಬಂದಿದ್ದಾಗ ಇನ್ನೊಂದು ನಡೆಯಿತು. ಎಣ್ಣೆ ನೀರು ಹಾಕಿ ಸಾಂಬ್ರಾಣಿ ಹೊಗೆ ಹಿಡಿದ ಕೂಸನ್ನು ನನ್ನ ತೊಡೆಗೆ ಕೊಟ್ಟಳು. ತಡೆಯಲಾರದೆ ಕೆನ್ನೆಗೆ ಮುತ್ತಿಟ್ಟೆ. ಕೂಸನ್ನು ವಾಪಸ್ಸು ತೆಗೆದುಕೊಂಡವಳು ಅದರ ಕೆನ್ನೆಯನ್ನು ಸೀರೆಯಂಚಿನಿಂದ ಒರೆಸಿದಳು. ಅಷ್ಟೇ. ನನಗೆ ಅಡುಗೆಮನೆಗೆ ಹೋಗಿ ನಿಲ್ಲಬೇಕಾಯಿತು. ಆಮೇಲೆ ಆ ಕೂಸನ್ನು ಎತ್ತಿಕೊಂಡರೂ ಮುಖವನ್ನು ಪಕ್ಕಕ್ಕೆ ತಿರುಗಿಸಿಯೇ ಎತ್ತಿಕೊಳ್ಳುತ್ತಿದ್ದೆ.

ಬಿ.ಪಿ. ಸಿಕ್ಕಿಬಿದ್ದದ್ದು ಡಿಪೋದಲ್ಲಿ ನಡೆದ ತಪಾಸಣೆಯಲ್ಲಿ. ಸಾಲಿನಲ್ಲಿ ನಿಂತವರ ಮುಂದೆಯೇ ನರ್ಸು ಪಟ್ಟಿ ಸುತ್ತಿ ಗಾಳಿ ತುಂಬಿದಳು, ಬಿಟ್ಟಳು, ಮತ್ತೆ ತುಂಬಿದಳು. ಮೇಲಿನ ಸಂಖ್ಯೆ ನೂರ ಎಂಬತ್ತರ ಹತ್ತಿರವಿತ್ತು. ಸಕ್ಕರೆಯೂ ಗೆರೆ ದಾಟಿತ್ತು. ಸೊಂಟಕ್ಕೆ ಟೇಪು ಹಿಡಿದಾಗ ಹಿಂದಿನಿಂದ ಯಾರೋ, "ಟೇಪು ಸಾಲ್ತದಾ ನೋಡಮ್ಮ" ಎಂದರು. ಎಲ್ಲರೂ ನಕ್ಕರು. ನಾನೂ ತುಟಿ ಮುಚ್ಚಿಕೊಂಡೇ ನಕ್ಕ ಹಾಗೆ ಮಾಡಿದೆ.

ಆಮೇಲಿಂದ ಪ್ರತಿಯೊಬ್ಬರೂ ನನ್ನ ತಟ್ಟೆ ನೋಡುವವರಾದರು. ಉಪ್ಪಿನಕಾಯಿ ಬಿಟ್ಟೆ. ಬಸ್ ಸ್ಟ್ಯಾಂಡಿನ ಬೋಂಡ ಬಿಟ್ಟೆ. ಮುದ್ದೆ ಸಣ್ಣದು ಮಾಡಿದೆ. ಡ್ಯೂಟಿ ಇಲ್ಲದ ಬೆಳಿಗ್ಗೆ ಮಧುಗಿರಿ ಬೆಟ್ಟದ ಬುಡದವರೆಗೆ ನಡೆದು ಬರುತ್ತಿದ್ದೆ. ಬರೆದುಕೊಟ್ಟ ಮಾತ್ರೆಯನ್ನು ಒಂದು ದಿನವೂ ತಪ್ಪಿಸಲಿಲ್ಲ. ಬಿ.ಪಿ. ಇಳಿಯಲಿಲ್ಲ. ಮಧುಗಿರಿಯ ದವಾಖಾನೆಯ ಡಾಕ್ಟರು ಎರಡನೇ ಮಾತ್ರೆ ಸೇರಿಸಿದರು, ಮೂರನೆಯದನ್ನು ಸೇರಿಸಿದರು. ಒಂದು ಸಲ ಪಟ್ಟಿ ಬಿಚ್ಚುತ್ತ, "ನಿಜ ಹೇಳಮ್ಮ, ಮಾತ್ರೆ ನುಂಗ್ತಿದೀಯೋ, ಗಿಡಕ್ಕೆ ಹಾಕ್ತಿದೀಯೋ?" ಎಂದರು. ಬಾಗಿಲು ತೆರೆದೇ ಇತ್ತು. ಹೊರಗಿನ ಬೆಂಚಿನಲ್ಲಿ ಕೂತಿದ್ದವರೆಲ್ಲ ತಲೆ ಎತ್ತಿದರು.

"ನುಂಗ್ತಿದೀನಿ ಸಾರ್."

"ನುಂಗಿದ್ರೆ ಇಳೀಬೇಕಲ್ಲ?"

ನಾನು ಸುಳ್ಳು ಹೇಳಿರಲಿಲ್ಲ. ಆದರೂ ಕದ್ದು ಸಿಕ್ಕಿಬಿದ್ದವಳ ಹಾಗೆ ತಲೆ ತಗ್ಗಿಸಿ ಹೊರಗೆ ಬಂದೆ. ನಾಚಿಕೆಗೆ ನ್ಯಾಯ ಅನ್ಯಾಯದ ಹಂಗಿಲ್ಲ. ಒಂದು ಕಡೆ ಗೂಡು ಕಟ್ಟಿದರೆ ಇಡೀ ಮೈಗೆ ಹಬ್ಬುತ್ತದೆ.

ಅದೇ ದವಾಖಾನೆಯಲ್ಲಿ ಇನ್ನೊಂದು ದಿನ ಆ ಡಾಕ್ಟರು ರಜೆಯಲ್ಲಿದ್ದರು. ಬದಲಿಗೆ ಒಬ್ಬ ಚಿಕ್ಕ ವಯಸ್ಸಿನ ಹೆಣ್ಣುಮಗಳು ಕೂತಿದ್ದಳು. ಅವಳು ಎಲ್ಲ ಕೇಳಿಕೊಂಡು, "ಅಮ್ಮ, ಹಲ್ಲು ಉಜ್ಜುವಾಗ ಒಸಡಲ್ಲಿ ರಕ್ತ ಬರುತ್ತಾ? ಒಂಚೂರು ಬಾಯಿ ತೆಗೀರಿ" ಎಂದಳು. ಬಿ.ಪಿ.ಗೆ ಬಂದವಳನ್ನು ಇದನ್ನು ಯಾಕೆ ಕೇಳುತ್ತಾಳೆ? ಅವಳಿಗೂ ವಾಸನೆ ಬಂದಿರಬೇಕು, ಅದಕ್ಕೇ ಕೇಳುತ್ತಿದ್ದಾಳೆ ಎಂದುಕೊಂಡೆ. ಮುಖಕ್ಕೆ ಬಿಸಿ ಏರಿತು. "ಇಲ್ಲ ಮೇಡಂ, ನನ್ನ ಹಲ್ಲು ಚೆನ್ನಾಗವೆ. ಬಸ್ಸಿಗೆ ಹೊತ್ತಾಯ್ತು" ಎಂದು ಎದ್ದು ಬಂದುಬಿಟ್ಟೆ. ಮತ್ತೆ ಅವಳಿದ್ದ ದಿನ ಆ ಕಡೆ ಹೋಗಲಿಲ್ಲ.

ಸಿದ್ದರಬೆಟ್ಟಕ್ಕೆ ಹೋಗುವವರ ದಟ್ಟಣೆ ಇದ್ದ ಒಂದು ಬೆಳಿಗ್ಗೆ ನಮ್ಮ ಬಸ್ಸು ಮಧುಗಿರಿಯಿಂದ ಕೊರಟಗೆರೆಯ ಕಡೆ ಹೊರಟಿತ್ತು. ಡ್ರೈವರ್ ಓಬಳೇಶಣ್ಣ. ಪಾವಗಡದ ಕಡೆಯವರು, ಅರ್ಧ ಕನ್ನಡ ಅರ್ಧ ತೆಲುಗು ಮಾತಾಡುವವರು, ನನ್ನ ಜೊತೆ ಬಹಳ ದಿನದಿಂದ ಡ್ಯೂಟಿ ಮಾಡುತ್ತಿದ್ದವರು. ದಾರಿಯಲ್ಲಿ ಒಂದು ಊರಿನ ಸ್ಟಾಪಿನಲ್ಲಿ ಜನ ಹತ್ತಿದರು. ನಾನು ಸೀಟಿ ಬಾಯಿಗಿಟ್ಟು ಎರಡು ಸಲ ಊದಲು ನೋಡಿದೆ. ಊದಿದ ಗಾಳಿಯೆಲ್ಲ ಬಾಯಿಯ ಬಲಗಡೆ ಮೂಲೆಯಿಂದ ಪುಸ್ಸೆಂದು ಹೊರಗೆ ಹೋಯಿತು. ಸೀಟಿ ಜಾರಿ ಎದೆಯ ಮೇಲೆ ಬಿತ್ತು. ಮತ್ತೆ ಇಟ್ಟುಕೊಂಡೆ, ತುಟಿ ಹಿಡಿಯಲಿಲ್ಲ.

ಹತ್ತಿರದಲ್ಲಿ ನಿಂತಿದ್ದ ಗಂಡಸೊಬ್ಬ, "ಮೇಡಂ, ಬೆಟ್ಟಕ್ಕೆ ಎಲ್ಲಿ ಇಳೀಬೇಕು?" ಎಂದು ಕೇಳಿದ. ಕೊರಟಗೆರೆ ಎಂಬ ಮಾತು ನನ್ನ ತಲೆಯಲ್ಲಿ ನಿಚ್ಚಳವಾಗಿತ್ತು. ಬಾಯಿಂದ ಹೊರಟಿದ್ದು ಬರೀ "ಬ... ಬ..." ಎಂಬ ಸದ್ದು.

"ಏನಪ್ಪ ಇವ್ಳು, ಬೆಳಬೆಳಗ್ಗೇನೇ ಹಾಕ್ಕಂಡ್ ಬಂದವ್ಳೆ" ಎಂದ ಅವನು. ಎರಡು ಮೂರು ಜನ ನಕ್ಕರು. ಒಬ್ಬ ಹೆಂಗಸು, "ಥೂ, ಹೆಣ್ಣೆಂಗ್ಸು ಆಗಿ" ಎಂದು ಮುಖ ತಿರುಗಿಸಿದಳು.

ಅವರ ಮೇಲೆ ನನಗೆ ಈಗ ಸಿಟ್ಟಿಲ್ಲ. ದಿನಾ ಬಸ್ಸಿಗೆ ಬರುವವರೂ ಅದರಲ್ಲಿದ್ದರು. ಅವರಿಗೂ ಏನೂ ಅನುಮಾನ ಬರಲಿಲ್ಲ, ಯಾಕೆಂದರೆ ನಾನು ಮೊದಲೂ ಮಾತಾಡುತ್ತಿರಲಿಲ್ಲ. ಮಾತು ನಿಂತುಹೋದ ಹೊತ್ತಿಗೆ ಅದು ನಿಂತಿದೆ ಎಂದು ಹೇಳಲು ಒಬ್ಬ ಸಾಕ್ಷಿಯೂ ಉಳಿಯದ ಹಾಗೆ ನಾನೇ ಮಾಡಿಕೊಂಡಿದ್ದೆ.

ಓಬಳೇಶಣ್ಣ ಸೀಟಿಗೆ ಕಾಯುತ್ತಿದ್ದರು. ಬರಲಿಲ್ಲ. ಕನ್ನಡಿಯಲ್ಲಿ ನೋಡಿ, "ರೈಟ್ ಕೊಡಮ್ಮ ಗಿರಿಜಾ" ಎಂದು ಕೂಗಿದರು. ನಾನು ಕಂಬ ಹಿಡಿದು ನಿಂತೇ ಇದ್ದೆ. ಬಲಗೈ ನನ್ನದಲ್ಲದ ಹಾಗೆ ಜೋತಾಡುತ್ತಿತ್ತು. ಅವರು ಎಂಜಿನ್ ನಿಲ್ಲಿಸಿ ಜನರನ್ನು ಸರಿಸಿಕೊಂಡು ಬಂದರು.

"ಏಮ್ಮಾ, ಏಮೈಂದಿ? ಇಲ್ಲಿ ನೋಡು. ಒಸಿ ನಗು."

ನಾನು ನಗಲಿಲ್ಲ. ನಗುವುದನ್ನು ಬಿಟ್ಟು ಎಷ್ಟು ಕಾಲವಾಗಿತ್ತೋ. ಅವರು ನನ್ನ ಮುಖವನ್ನೇ ದಿಟ್ಟಿಸಿದರು.

"ಇದು ಕುಡ್ದಿರಾದಲ್ಲ ಕಣ್ರಯ್ಯ, ಬಾಯಿ ಸೊಟ್ಟ ಆಗೈತೆ. ನಮ್ ನಾಯ್ನಂಗೂ ಇಂಗೇ ಆಗಿತ್ತು" ಎಂದರು. ನಾಯ್ನ ಎಂದರೆ ಅವರ ತಂದೆ. "ಯಾರೂ ಇಳೀಬ್ಯಾಡಿ, ಹತ್ತಾದೂ ಬ್ಯಾಡ. ಬಸ್ಸು ಸೀದಾ ಆಸ್ಪತ್ರೆಗೆ."

ಒಬ್ಬರೂ ಎದುರಾಡಲಿಲ್ಲ. ಥೂ ಎಂದಿದ್ದ ಹೆಂಗಸೇ ತನ್ನ ಸೀಟಿನಲ್ಲಿ ನನ್ನನ್ನು ಕೂರಿಸಿ, ಕೊರಟಗೆರೆ ಬರುವವರೆಗೂ ಜೋತಾಡುತ್ತಿದ್ದ ಕೈಯನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡು ತಿಕ್ಕುತ್ತಿದ್ದಳು. ಅವಳ ಹೆಸರೂ ನನಗೆ ಗೊತ್ತಿಲ್ಲ.

ಮುಂದೆ ನಡೆದದ್ದನ್ನು ನೆನೆದರೆ ಇವತ್ತಿಗೂ ಮೈ ಹಿಡಿಯಷ್ಟಾಗುತ್ತದೆ. ಆಸ್ಪತ್ರೆಯಲ್ಲಿ ಮಲಗಿಸಿದರು. ಡಾಕ್ಟರು ಕೈ ಎತ್ತಿಸಿದರು, ಕಣ್ಣಿಗೆ ಬೆಳಕು ಬಿಟ್ಟರು. ಆಮೇಲೆ, "ಬಾಯಿ ತೆಗೆದು ನಾಲಿಗೆ ಚಾಚಿ" ಎಂದರು. ಅವರು ನನ್ನ ಮುಖದ ಮೇಲೆ ಬಗ್ಗಿದ್ದರು, ಸುತ್ತ ನರ್ಸು, ವಾರ್ಡಿನವರು, ಓಬಳೇಶಣ್ಣ. ಬಾಯಿ ತೆಗೆಯಲು ನನಗೆ ಆಗುತ್ತಿತ್ತು. ತೆಗೆಯಲಿಲ್ಲ. ಎಡಗೈಯನ್ನು ತಂದು ಬಾಯಿಗೆ ಅಡ್ಡ ಇಟ್ಟುಕೊಂಡೆ. ನರ್ಸು ಕೈ ಸರಿಸಿದಳು, ಮತ್ತೆ ಇಟ್ಟೆ.

"ಬಾಯಿಗೇ ಲಕ್ವ ಹೊಡ್ದೈತೆ ಅಂತ ಕಾಣ್ತದೆ ಸಾರ್" ಎಂದರು ಓಬಳೇಶಣ್ಣ.

ಲಕ್ವ ಅಲ್ಲ, ನಾಚಿಕೆ ಎಂದು ಹೇಳಲು ನನಗೆ ಮಾತು ಇರಲಿಲ್ಲ. ಇದ್ದಿದ್ದರೂ ಹೇಳುತ್ತಿರಲಿಲ್ಲ. ಸಾಯುತ್ತೇನೋ ಏನೋ ಎಂಬ ಭಯ ಒಂದು ಕಡೆ, ಇವರೆಲ್ಲ ಮೂಗು ಮುಚ್ಚಿಕೊಂಡಾರು ಎಂಬ ಭಯ ಒಂದು ಕಡೆ. ಎರಡನೆಯದೇ ದೊಡ್ಡದಾಗಿತ್ತು. ಇದನ್ನು ಓದುವ ಯಾರಿಗಾದರೂ ಹುಚ್ಚು ಎನ್ನಿಸಿದರೆ ತಪ್ಪಿಲ್ಲ. ಯಾರಿಗಾದರೂ ಹುಚ್ಚು ಎನ್ನಿಸದೆ ಇದ್ದರೆ, ಅವರಿಗಾಗಿಯೇ ಇದನ್ನು ಹೇಳುತ್ತಿದ್ದೇನೆ.

ಡ್ಯೂಟಿ ಬದಲಾಯಿಸಲು ಒಬ್ಬ ಲೇಡಿ ಡಾಕ್ಟರು ಅದೇ ಹೊತ್ತಿಗೆ ಬಂದಿದ್ದರು. ಸ್ವಲ್ಪ ಹೊತ್ತು ದೂರ ನಿಂತು ನನ್ನ ಕೈಯನ್ನು ನೋಡಿದರು. ಎಲ್ಲರನ್ನೂ ಆಚೆ ಕಳಿಸಿ ಪರದೆ ಎಳೆದರು. ನನ್ನ ಪಕ್ಕ ಕೂತು, "ಈಗ ನಾನೊಬ್ಬಳೇ ಇದೀನಿ. ನನಗೇನೂ ಆಗಲ್ಲ, ತೆಗೀರಿ" ಎಂದರು. ಅಷ್ಟು ಮೆತ್ತಗೆ ನನಗೆ ಯಾರೂ ಆ ಮಾತು ಹೇಳಿರಲಿಲ್ಲ. ಕಣ್ಣು ಮುಚ್ಚಿಕೊಂಡು ಬಾಯಿ ತೆಗೆದೆ. ಬೇಕಾದಷ್ಟು ಹೊತ್ತು ನೋಡಿದರು. ಕಣ್ಣು ಬಿಟ್ಟಾಗ ಅವರ ಮುಖ ಮೊದಲು ಎಷ್ಟು ಹತ್ತಿರ ಇತ್ತೋ ಅಷ್ಟೇ ಹತ್ತಿರ ಇತ್ತು. ಹಿಂದೆ ಸರಿದಿರಲಿಲ್ಲ. ನನ್ನ ಕಣ್ಣಲ್ಲಿ ಅವತ್ತು ಮೊದಲ ಸಲ ನೀರು ಬಂತು.

ಅಲ್ಲಿಂದ ಆಂಬುಲೆನ್ಸಿನಲ್ಲಿ ತುಮಕೂರಿಗೆ ಕಳಿಸಿದರು. ದಾರಿಯಲ್ಲೇ ಬೆರಳು ಆಡತೊಡಗಿದವು. ಮಧ್ಯಾಹ್ನದ ಹೊತ್ತಿಗೆ ಮಾತು ತೊದಲುತ್ತ ತೊದಲುತ್ತ ವಾಪಸ್ಸು ಬಂತು. ತಲೆಯ ಸ್ಕ್ಯಾನ್ ಮಾಡಿದರು. ರಕ್ತ ಸೋರಿರಲಿಲ್ಲ. ಮಿದುಳಿಗೆ ಹೋಗುವ ರಕ್ತ ಒಂದು ಗಳಿಗೆ ತಡೆದು ಮತ್ತೆ ಹರಿದಿದೆ, ಹೆದರಿಸಿ ಹೋಗಿದೆ, ಮುಂದಿನ ಸಲ ಬರೀ ಹೆದರಿಸಿ ಹೋಗುತ್ತದೆ ಎನ್ನುವಂತಿಲ್ಲ ಎಂದರು ಅಲ್ಲಿನ ದೊಡ್ಡ ಡಾಕ್ಟರು. ರಕ್ತ ಪರೀಕ್ಷೆಯ ಫಲ ನೋಡುತ್ತ, "ಮೈಯಲ್ಲಿ ಎಲ್ಲೋ ಉರಿಯೂತ ಜೋರಾಗಿದೆ. ಕೊರಟಗೆರೆ ಡಾಕ್ಟರು ಫೋನ್ ಮಾಡಿದ್ರು, ಒಸಡಲ್ಲಿ ಅಂತ ಅವರೇ ಹೇಳಿದ್ರು" ಎಂದರು.

ನನ್ನ ಗಂಡ ಮಂಚದ ಪಕ್ಕ ನಿಂತಿದ್ದರು. ಗಿರಣಿಯಿಂದ ಹಾಗೆಯೇ ಓಡಿಬಂದಿದ್ದರು. ಕಿವಿಯ ಮೇಲೆಲ್ಲ ರಾಗಿ ಹಿಟ್ಟು.

"ಬಾಯಿ ಉರಿಯೂತಕ್ಕೂ ಬಿ.ಪಿ.ಗೂ ಏನ್ ಸಾರ್ ಸಂಬಂಧ?" ಎಂದು ಅವರು ಕೇಳಿದರು.

"ಬಾಯಲ್ಲಿ ಎದ್ದ ಉರಿ ಬಾಯಲ್ಲೇ ಕೂತಿರಲ್ಲ ಯಜಮಾನ್ರೆ. ರಕ್ತದಲ್ಲಿ ಸೇರಿ ಊರೆಲ್ಲ ಸುತ್ತುತ್ತೆ. ರಕ್ತನಾಳದ ಒಳಗೋಡೆ ಕೆಣಕುತ್ತೆ, ನಾಳ ಬಿಗಿಯಾಗುತ್ತೆ. ಸಕ್ಕರೇನೂ ಕೈಗೆ ಸಿಗದ ಹಂಗೆ ಮಾಡುತ್ತೆ. ಆ ಸಕ್ಕರೆ ತಿರುಗಿ ಒಸಡನ್ನ ಕೆಡಿಸುತ್ತೆ. ಹೊಟ್ಟೆಯ ಬೊಜ್ಜೂ ಅದಕ್ಕೆ ಸೌದೆ ಹಾಕುತ್ತೆ. ಇವರ ಬಿ.ಪಿ.ಗೆ ಒಸಡೊಂದೇ ಕಾರಣ ಅಂತ ನಾನು ಹೇಳಲ್ಲ. ಮೂರು ಮಾತ್ರೆಗೂ ಬಗ್ಗದೆ ಇದ್ದದ್ದು ಯಾಕೆ ಅಂತ ಹುಡುಕುವಾಗ ಇದನ್ನ ಬಿಟ್ಟು ಮುಂದೆ ಹೋಗಕ್ಕಾಗಲ್ಲ ಅಂತೀನಿ." ಆಮೇಲೆ ನನ್ನ ಕಡೆ ತಿರುಗಿ, "ಇಷ್ಟು ದಿನ ಯಾರಿಗೂ ತೋರಿಸಲಿಲ್ವಾ?" ಎಂದು ಕೇಳಿದರು.

ನಾನು ಗೋಡೆಯ ಕಡೆ ಮುಖ ಮಾಡಿದೆ.

ಡಾಕ್ಟರು ಹೋದ ಮೇಲೆ ಗಂಡ ಸ್ಟೂಲ್ ಎಳೆದುಕೊಂಡು ಕೂತರು. ಆಮೇಲೆ, "ನಂಗೆ ಗೊತ್ತಿತ್ತು ಕಣೆ" ಎಂದರು.

"ಏನು?"

"ಬಾಯಿದು."

"ಅದ್ಕೇ ಹಜಾರಕ್ಕೆ ಹೋದ್ರಾ?"

ಅವರು ತಲೆ ಎತ್ತಲಿಲ್ಲ. "ಹೇಳಿದ್ರೆ ನೊಂದ್ಕತೀಯ ಅಂತ ಸುಮ್ಕಿದ್ದೆ. ಹೆಂಗೆ ಹೇಳಾದು ಅದ್ನ? ಕಟ್ಕಂಡ ಎಂಡ್ರಿಗೆ ನಿನ್ ಬಾಯಿ ವಾಸ್ನೆ ಅಂತ ಯಾವ ಬಾಯಲ್ಲಿ ಹೇಳ್ಲಿ?"

"ಹೇಳಿದ್ರೆ ನೋಯ್ತಿದ್ದೆ, ಅಷ್ಟೆಯಾ. ಈಗ ಸತ್ತೇ ಹೋಯ್ತಿದ್ನಲ್ಲ" ಎಂದೆ. ತೊದಲು ಇನ್ನೂ ಹೋಗಿರಲಿಲ್ಲ. ಹೇಳಬೇಕಾದದ್ದು ಅರ್ಧಂಬರ್ಧ ಬಂತು. ಅವರಿಗೆ ಅರ್ಥವಾಯಿತು. ಟವೆಲ್ಲಿನಿಂದ ಕಣ್ಣು ಒರೆಸಿಕೊಂಡಾಗ ಹಿಟ್ಟು ಮುಖಕ್ಕೆಲ್ಲ ಮೆತ್ತಿಕೊಂಡಿತು. ನನಗೆ ಸಿಟ್ಟಿತ್ತು. ಅದಕ್ಕಿಂತ ಹೆಚ್ಚಾಗಿ, ಇಷ್ಟು ವರ್ಷ ನಾನು ಬಚ್ಚಿಟ್ಟುಕೊಂಡಿದ್ದೇನೆ ಎಂದುಕೊಂಡದ್ದು ಎಲ್ಲರಿಗೂ ಗೊತ್ತಿತ್ತಲ್ಲ ಎಂಬ ನಾಚಿಕೆ. ನಾನು ಮುಚ್ಚಿಟ್ಟೆ, ಅವರು ನನ್ನನ್ನು ಕಾಪಾಡುತ್ತೇವೆಂದು ಮುಚ್ಚಿಟ್ಟರು. ನಮ್ಮೆಲ್ಲರ ಮರ್ಯಾದೆಯ ನಡುವೆ ರೋಗ ಹಾಯಾಗಿತ್ತು.

ಹಲ್ಲಿನ ಡಾಕ್ಟರಲ್ಲಿಗೆ ಹೋಗಲೇಬೇಕಾಯಿತು. ಮಧುಗಿರಿಯಲ್ಲಿ ಬೇಡ ಎಂದು ನಾನು ಹಟ ಹಿಡಿದೆ. ಅಲ್ಲಿ ಬೀದಿಗೊಬ್ಬರು ನನ್ನ ಗುರುತಿನವರು. ಸಿರಾದಲ್ಲಿ ಒಬ್ಬರಿದ್ದಾರೆ ಎಂದು ಗೊತ್ತಾಗಿ ಅಲ್ಲಿಗೆ ಹೋದೆವು. ಹೊರಗಿನ ಕೋಣೆಯಲ್ಲಿ ನಗುವ ಹೆಣ್ಣಿನ ದೊಡ್ಡ ಚಿತ್ರ, ಅವಳ ಹಲ್ಲು ಮುತ್ತಿನ ಸಾಲು. ಅದರ ಕೆಳಗೆ ನಾವು ಒಂದಷ್ಟು ಜನ ದವಡೆ ಹಿಡಿದು, ಸೆರಗು ಹಿಡಿದು, ಕರ್ಚೀಫು ಹಿಡಿದು ಕೂತಿದ್ದೆವು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಒಳಗಿನಿಂದ ಯಂತ್ರದ ಸದ್ದು ಬಂದಾಗಲೆಲ್ಲ ನನ್ನ ಕಾಲು ಬಾಗಿಲ ಕಡೆ ತಿರುಗುತ್ತಿತ್ತು.

ಪಕ್ಕದಲ್ಲಿ ಬುರ್ಖಾ ತೊಟ್ಟ ವಯಸ್ಸಾದ ತಾಯಿಯೊಬ್ಬರಿದ್ದರು. ನನ್ನನ್ನು ಕರೆದಾಗ ನಾನು ಏಳಲಿಲ್ಲ. ಅವರು ಮೊಣಕೈಯಿಂದ ತಿವಿದು, "ಹೋಗು ಬೇಟಿ, ಶರಂ ಪಡಬ್ಯಾಡ. ನಾನೂ ಅಂಗೇ ಕೂತಿದ್ದೆ, ಎಲ್ಡು ದಫಾ ಬಂದು ವಾಪಸ್ ಹೋಗಿದ್ದೆ" ಎಂದರು. ನಕ್ಕು ತೋರಿಸಿದರು. ಮುಂದಿನ ಹಲ್ಲೇ ಇರಲಿಲ್ಲ. "ಬೇಗ ಬಂದಿದ್ರೆ ಇವು ಉಳೀತಿದ್ವು."

ಆ ಡಾಕ್ಟರಿಗೆ ನಾನು ಕುರ್ಚಿಯಲ್ಲಿ ಒರಗುವ ಮೊದಲೇ ಹೇಳಿದೆ: "ಸಾರ್, ವಾಸ್ನೆ ಬರ್ತದೆ. ಮಾಸ್ಕ್ ಹಾಕ್ಕಳಿ." ಅವರು ಹಾಕಿಕೊಂಡೇ ಇದ್ದರು. "ವಾಸನೆ ಬರದೆ ಇರೋರು ನನ್ನ ಹತ್ರ ಯಾಕಮ್ಮ ಬರ್ತಾರೆ? ಮಲ್ಲಿಗೆ ಹೂವಿನ ಅಂಗಡಿ ಅಲ್ಲ ಇದು" ಎಂದರು. ನಾನು ನಕ್ಕುಬಿಟ್ಟೆ, ಬಾಯಿ ತೆರೆದು. ಅಷ್ಟರಲ್ಲಿ ಅವರು ದೀಪ ತಿರುಗಿಸಿ ಒಳಗೆ ನೋಡಿಯೂ ಆಗಿತ್ತು.

ನನಗೆ ರಕ್ತ ತೆಳುವಾಗಿಸುವ ಮಾತ್ರೆ ಕೊಡುತ್ತಿದ್ದರು. ಹಾಗಾಗಿ ತುಮಕೂರಿನ ಡಾಕ್ಟರ ಜೊತೆ ಮಾತಾಡಿದ ಮೇಲೆಯೇ ಕೈ ಹಾಕಿದರು. ಹಲವು ಸಲ ಹೋದೆ. ಮರಗಟ್ಟಿಸಿ, ಒಸಡಿನ ಕೆಳಗೆ ಗಟ್ಟಿಯಾಗಿ ಕಚ್ಚಿಕೊಂಡಿದ್ದ ಕಿಟ್ಟವನ್ನು ಸ್ವಲ್ಪ ಸ್ವಲ್ಪವೇ ಕೆರೆದು ತೆಗೆದರು. ಕೆಲವು ಹಲ್ಲುಗಳನ್ನು ಉಳಿಸಲಾಗಲಿಲ್ಲ. ಉಗಿಯುವಾಗ ಅವ್ವನ ನೆನಪಾಗುತ್ತಿತ್ತು. ಅವಳು ಸತ್ತದ್ದು ಲಕ್ವ ಹೊಡೆದು. ಅದಕ್ಕೂ ಇದಕ್ಕೂ ಸಂಬಂಧವಿತ್ತೋ ಇಲ್ಲವೋ ಈಗ ಯಾರನ್ನು ಕೇಳಲಿ.

ಪವಾಡವೇನೂ ನಡೆಯಲಿಲ್ಲ. ಒಸಡಿನ ಊತ ಮೊದಲು ಇಳಿಯಿತು. ಹಲ್ಲುಜ್ಜಿದ ನೊರೆ ಬೆಳ್ಳಗಾದ ದಿನ ನಾನು ನಲ್ಲಿ ನಿಲ್ಲಿಸಿ ನೋಡುತ್ತ ನಿಂತಿದ್ದೆ. ಬಿ.ಪಿ. ನಿಧಾನಕ್ಕೆ, ಮನಸ್ಸಿಲ್ಲದ ಎತ್ತಿನ ಹಾಗೆ ಹಿಂದೆ ಬಂತು. ಕೆಲವು ತಿಂಗಳಾದ ಮೇಲೆ ತುಮಕೂರಿನ ಡಾಕ್ಟರು ಮೂರು ಮಾತ್ರೆಯಲ್ಲಿ ಒಂದನ್ನು ತಾವಾಗಿಯೇ ಬಿಡಿಸಿದರು. ಉಳಿದವು ಇದ್ದೇ ಇವೆ, ಇರುತ್ತವೆ. ಸಕ್ಕರೆ ಹಿಡಿತದಲ್ಲಿದೆ, ಹಬ್ಬ ಬಂದರೆ ಹಗ್ಗ ಬಿಚ್ಚುತ್ತದೆ. ಸೊಂಟ ಹಾಗೆಯೇ ಇದೆ. ನಡೆಯುತ್ತಿದ್ದೇನೆ. ಬಲಗೈಯ ಹಿಡಿತ ಮಾತ್ರ ಪೂರ್ತಿ ಮೊದಲಿನಂತಿಲ್ಲ. ನಾಣ್ಯಗಳು ಜಾರುತ್ತವೆ.

ನಾಚಿಕೆ ಅಷ್ಟು ಬೇಗ ಬಿಡಲಿಲ್ಲ. ವಾಸನೆ ಹೋದ ಮೇಲೂ ನಾನು ಮುಖ ತಿರುಗಿಸಿಯೇ ಮಾತಾಡುತ್ತಿದ್ದೆ. ಮಗಳು ಬಂದಿದ್ದಾಗ ಒಂದು ಮಧ್ಯಾಹ್ನ ಧೈರ್ಯ ಮಾಡಿ ಕೇಳಿದೆ: "ಅವತ್ತು ನಾನು ಮುತ್ತಿಕ್ಕಿದಾಗ ಕೂಸಿನ ಕೆನ್ನೆ ಒರೆಸಿದ್ಯಲ್ಲ, ಅಸಹ್ಯ ಆಯ್ತಾ ನಿಂಗೆ?"

"ಯಾವತ್ತಮ್ಮ?" ಎಂದಳು ಸಿಂಧು. ಅವಳಿಗೆ ನೆನಪೇ ಇರಲಿಲ್ಲ. "ಎಣ್ಣೆ ಸೋರ್ತಿತ್ತೇನೋ, ಒರೆಸಿರ್ತೀನಿ." ತಟ್ಟನೆ ನನ್ನ ಕಡೆ ತಿರುಗಿ, "ಅದ್ಕೇನಾ ನೀನು ಅವಳ್ನ ಅಂಗೆ ದೂರ ಹಿಡ್ಕಂತಿದ್ದಿದ್ದು? ನಿಂಗೆ ಹೆಣ್ ಮಗು ಅಂತ ಬೇಜಾರು ಅನ್ಕಂಡಿದ್ದೆ ನಾನು" ಎಂದಳು. ನಾನು ಒಂದನ್ನು ಮುಚ್ಚಿಡಲು ಹೋಗಿ ಅವಳ ಎದೆಯಲ್ಲಿ ಇನ್ನೊಂದನ್ನು ಬಿತ್ತಿದ್ದೆ.

ಇಷ್ಟಾದ ಮೇಲೆ ಗೊತ್ತಿರುವವರಿಗಾದರೂ ಹೇಳಬೇಕು ಎನ್ನಿಸಿತು. ಪಾವಗಡ ತಾಲ್ಲೂಕಿನ ವಳ್ಳೂರಿಗೆ ಕೊಟ್ಟ ನನ್ನ ದೊಡ್ಡಕ್ಕ ತಿಮ್ಮಕ್ಕನಿಗೂ ಬಿ.ಪಿ., ಸಕ್ಕರೆ ಎರಡೂ ಇವೆ. ಅವರ ಹೊಲದ ತುಂಬ ಈಗ ಸೋಲಾರ್ ಹಲಗೆಗಳು. ಕೆಲಸ ಕಡಿಮೆಯಾಗಿ ಕೂತಲ್ಲೇ ಕೂತು ಅವಳಿಗೂ ಮೈ ಬಂದಿತ್ತು. ಹಲ್ಲಿಗೆ ತಿಕ್ಕುವುದು ಹೊಗೆಸೊಪ್ಪಿನ ಕಡ್ಡಿಪುಡಿ. ರಜೆ ಹಾಕಿ ಹೋದೆ. ಜಗಲಿಯಲ್ಲಿ ಕೂತು ನನ್ನ ಕಥೆಯೆಲ್ಲ ಹೇಳಿದೆ, ಲೊಚಗುಟ್ಟುತ್ತ ಕೇಳಿದಳು. ಆಮೇಲೆ, "ಅಕ್ಕ, ನಿನ್ ಬಾಯೂ ಒಂದ್ಸಲ ತೋರ್ಸು" ಎಂದೆ.

ಅವಳ ಮುಖ ಬಿಗಿಯಿತು. "ಏನು, ನನ್ ಬಾಯಿ ನಾರ್ತದಾ?"

ನಾನು ಇಲ್ಲ ಎಂದುಬಿಡಬಹುದಿತ್ತು. ಎಲ್ಲರೂ ನನಗೆ ಹಾಗೆ ಮಾಡಿದ್ದರು. "ನಾರ್ತದೆ ಅಕ್ಕ" ಎಂದೆ.

"ಕಂಡಕ್ಟರ್ ಕೆಲ್ಸ ಸಿಕ್ಕಿದ್ದೇ ನಿಂಗೆ ಕೊಂಬು ಬಂದ್ಬುಡ್ತು. ನಮ್ ಮನೆ ಜಗ್ಲಿ ಮ್ಯಾಲೆ ಕೂತು ನನ್ನೇ ಆಡ್ಕಂತೀಯಾ? ಏಳು, ನಡಿ, ಬಸ್ಸು ತಪ್ತದೆ." ಕಾಫಿಗೆ ಇಟ್ಟಿದ್ದ ನೀರನ್ನು ಅವಳು ಒಲೆಯಿಂದ ಇಳಿಸಿದ್ದು ನನಗೆ ಕಾಣಿಸಿತು. ಬಸ್ಸಿನಲ್ಲಿ ಬರುವಾಗ ಅತ್ತೆ. ನೋವು ಮಾಡಬಾರದೆಂದು ಸುಮ್ಮನಿದ್ದ ಗಂಡನ ಕಷ್ಟ ಅವತ್ತು ನನಗೆ ಅರ್ಥವಾಯಿತು.

ತಿಂಗಳುಗಟ್ಟಲೆ ಅಕ್ಕ ಫೋನ್ ಎತ್ತಲಿಲ್ಲ. ಮೊನ್ನೆ ಮೊನ್ನೆ ನನಗೆ ಪಾವಗಡ-ಸಿರಾ ಡ್ಯೂಟಿ ಹಾಕಿದ್ದರು. ಪಾವಗಡದ ಬಸ್ ಸ್ಟ್ಯಾಂಡಿನಲ್ಲಿ ಜನ ಹತ್ತಿಸಿಕೊಂಡು ಟಿಕೆಟ್ ಕೊಡುತ್ತ ಬರುತ್ತಿದ್ದೆ. ಮಧ್ಯದ ಸೀಟಿನಲ್ಲಿ ಇಸ್ತ್ರಿ ಮಾಡಿದ ಸೀರೆ ಉಟ್ಟು ಅಕ್ಕ ಕೂತಿದ್ದಳು. ನನ್ನನ್ನು ನೋಡಿಯೂ ಕಿಟಕಿಯಾಚೆ ನೋಡಿದಳು.

"ಎಲ್ಲಿಗಕ್ಕ?"

"ಸಿರಾಕ್ಕೆ ಒಂದ್ ಕೊಡು. ಅದೇ ನಿನ್ ಹಲ್ಲಿನ ಡಾಕ್ಟ್ರ ತಾವ್ಕೆ" ಎಂದಳು. ಬಸ್ಸಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ.

ನನಗೆ ಅಷ್ಟೆಲ್ಲ ಆದ ಮೇಲೂ ಕಿವಿ ಬಿಸಿಯಾಯಿತು. ಬಗ್ಗಿ, "ಮೆಲ್ಲಕೆ ಹೇಳಕ್ಕ, ಜನ ಅವ್ರೆ" ಎಂದೆ.

"ಯಾಕೆ ಮೆಲ್ಲಕೆ? ನೋವು ಬಾಯಿಗೆ ಬಂದಿರಾದು, ಮಾನಕ್ಕಲ್ಲ."

ನಾನು ಟಿಕೆಟ್ ತೆಗೆದು ಅವಳ ಕೈಗಿಟ್ಟೆ. ಮುಂದಿನ ಸೀಟಿನಲ್ಲಿ ಕೂತಿದ್ದ ಗಂಡಸು ಕತ್ತು ತಿರುಗಿಸಿ ಅವಳನ್ನೇ ನೋಡುತ್ತಿದ್ದ. ಅಕ್ಕ ಸೆರಗು ಸರಿಮಾಡಿಕೊಂಡು ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಏಮಪ್ಪಾ," ಎಂದಳು, "ನಿಂಗೂ ಐತಾ?"